ಉರಿ ಹತ್ತದ ಫರ್ನೇಸಿನಲ್ಲಿ ಒಂದು ಲೋಟ ನೀರು

ಜನವರಿ 14, 2026, ಬುಧವಾರ

ಥರ್ಮೋಸ್ಟಾಟ್ ಕೇಳುತ್ತಿದ್ದುದು 20 ಡಿಗ್ರಿ, ಮನೆಯೊಳಗೆ ಇದ್ದದ್ದು 14. ಹಾಗೆಂದು ಮನೆಯನ್ನು ಬೆಚ್ಚಗಿಡುವ ನೆಲಮಾಳಿಗೆಯ ಗ್ಯಾಸ್ ಫರ್ನೇಸ್ ಸುಮ್ಮನೆ ಕುಳಿತಿರಲಿಲ್ಲ. ಗುಂಯ್ ಎಂದು ಶುರುವಾಗುತ್ತಿತ್ತು, ಒಂದಷ್ಟು ಹೊತ್ತು ಸುತ್ತುತ್ತಿತ್ತು, ಉರಿ ಹತ್ತದೆ ನಿಲ್ಲುತ್ತಿತ್ತು. ಸ್ವಲ್ಪ ಬಿಟ್ಟು ಮತ್ತೆ ಅದೇ ಪಾಡು. ನನಗಿಂತ ಮೊದಲೇ ಎದ್ದಿದ್ದ ಅಪ್ಪ ಸ್ವೆಟರಿನ ಮೇಲೆ ಶಾಲು ಹೊದ್ದು ಅದರ ಎದುರು ನಿಂತಿದ್ದರು.

ರಿಪೇರಿಯವರಿಗೆ ಫೋನ್ ಮಾಡಿದೆ. ಈ ಚಳಿಯಲ್ಲಿ ಅವರಿಗೂ ಕೈತುಂಬ ಕೆಲಸ. ನಾಳೆ ಮಧ್ಯಾಹ್ನಕ್ಕೆ ಮೊದಲು ಯಾರೂ ಬರುವಂತಿಲ್ಲವಂತೆ. ಅದು ಸರಿ. ಆದರೆ ಜೊತೆಗೊಂದು ಭವಿಷ್ಯವನ್ನೂ ನುಡಿದರು: "ಬಹುಶಃ ಕಂಟ್ರೋಲ್ ಬೋರ್ಡ್ ಹೋಗಿರಬೇಕು." ಯಂತ್ರವನ್ನು ನೋಡದೆ, ಅದರ ಸದ್ದನ್ನೂ ಕೇಳದೆ, ಅದನ್ನು ನಿಯಂತ್ರಿಸುವ ದುಬಾರಿ ವಿದ್ಯುತ್ ಫಲಕವೇ ಸತ್ತಿದೆ ಎಂದು ಸಾರುವುದು ನನಗೆ ಸರಿಬರುವುದಿಲ್ಲ. ಫರ್ನೇಸ್ ಹೊತ್ತಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಆ ಕ್ರಮ ಎಲ್ಲಿ ನಿಂತುಹೋಯಿತು ಎಂಬುದನ್ನು ಮೊದಲು ಹಿಡಿಯಬೇಕು. ಯಾವ ಭಾಗ ಕೆಟ್ಟಿದೆ ಎಂಬ ಮಾತು ಆಮೇಲಿನದು.

ಗ್ಯಾಸ್ ವಾಸನೆ ಇರಲಿಲ್ಲ. ಇದ್ದಿದ್ದರೆ ಈ ತನಿಖೆಯೇ ಇರುತ್ತಿರಲಿಲ್ಲ. ದೀಪದ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ನಡೆದು, ಅಲ್ಲಿಂದಲೇ ಗ್ಯಾಸಿನ ತುರ್ತು ಸಂಖ್ಯೆಗೆ ಫೋನ್ ಮಾಡುತ್ತಿದ್ದೆವು. ಸುಲಭದವನ್ನು ಬೇಗ ಮುಗಿಸಿದೆ: ಗ್ಯಾಸಿನ ತಿರುಗಣೆ ಕೊಳವೆಯ ನೇರಕ್ಕೇ ಇದೆ, ಎಂದರೆ ತೆರೆದಿದೆ. ಫಿಲ್ಟರ್ ಚೊಕ್ಕಟ. ಫರ್ನೇಸಿನ ಬಾಗಿಲು ಸರಿಯಾಗಿ ಕೂತು ಅದರ ಹಿಂದಿನ ಸ್ವಿಚ್ಚನ್ನು ಒತ್ತಿದೆ. ಹೊರಗೆ ಹೋಗಿ ನೋಡಿದರೆ ಗಾಳಿ ಎಳೆಯುವ ಕೊಳವೆಯ ಬಾಯಿಗೂ ಹೊಗೆ ಬಿಡುವ ಕೊಳವೆಯ ಬಾಯಿಗೂ ಹಿಮ ಮೆತ್ತಿರಲಿಲ್ಲ.

ಇನ್ನು ಕ್ರಮದ ವಿಚಾರ. ಈ ಕಾಲದ ಫರ್ನೇಸಿನಲ್ಲಿ ಬೆಂಕಿ ಎನ್ನುವುದು ಮೇಜಿನಿಂದ ಮೇಜಿಗೆ ಸಾಗುವ ಕಡತದ ಹಾಗೆ. ಒಬ್ಬರ ಸಹಿ ಬೀಳದೆ ಮುಂದಿನವರು ಪೆನ್ನು ಮುಟ್ಟುವುದಿಲ್ಲ. ಥರ್ಮೋಸ್ಟಾಟ್ 24 ವೋಲ್ಟಿನಲ್ಲಿ ಕರೆ ಕಳಿಸುತ್ತದೆ. ಬೋರ್ಡ್ ಮೊದಲು ಇಂಡ್ಯೂಸರ್ ಎಂಬ ಚಿಕ್ಕ ಫ್ಯಾನನ್ನು ತಿರುಗಿಸಿ, ಒಳಗಿನ ಹಳೆಯ ಗಾಳಿಯನ್ನು ಹೊರಹಾಕಿಸುತ್ತದೆ. ಆ ಎಳೆತ ನಿಜವಾಗಿಯೂ ಇದೆ ಎಂದು ಪ್ರೆಷರ್ ಸ್ವಿಚ್ ಟಿಕ್ ಎಂದು ಮುಚ್ಚಿಕೊಂಡು ಸಾಕ್ಷಿ ಹೇಳಬೇಕು. ಆಗಷ್ಟೇ ಗ್ಯಾಸಿಗೆ ಕಿಡಿ ಮುಟ್ಟಿಸುವ ಇಗ್ನೈಟರ್‌ಗೆ ವಿದ್ಯುತ್ತು. ಅದು ನಿಗಿನಿಗಿ ಕಾದ ಮೇಲೆ ಗ್ಯಾಸಿನ ವಾಲ್ವ್ ತೆರೆಯುತ್ತದೆ, ಬರ್ನರ್ ಹೊತ್ತುತ್ತದೆ. ಉರಿ ಇದೆ ಎಂದು ಫ್ಲೇಮ್ ಸೆನ್ಸರ್ ಕೆಲವೇ ಕ್ಷಣಗಳಲ್ಲಿ ಒಪ್ಪದಿದ್ದರೆ ವಾಲ್ವ್ ಮತ್ತೆ ಮುಚ್ಚುತ್ತದೆ. ಮನೆಗೆ ಬಿಸಿಗಾಳಿ ದೂಡುವ ದೊಡ್ಡ ಬ್ಲೋವರ್ ಏಳುವುದು ಎಲ್ಲಕ್ಕಿಂತ ಕೊನೆಗೆ.

"ಬೆಂಕಿ ಹೊತ್ತುವುದಕ್ಕೆ ಇಷ್ಟೊಂದು ಜನರ ಅಪ್ಪಣೆಯೇ?" ಎಂದರು ಅಪ್ಪ.

ನಮ್ಮ ಕಡತ ಇಂಡ್ಯೂಸರ್ ದಾಟಿ ನಿಂತಿತ್ತು. ಫ್ಯಾನ್ ಸುತ್ತುತ್ತಿದೆ, ಟಿಕ್ ಇಲ್ಲ, ಇಣುಕುಗಾಜಿನಲ್ಲಿ ಕೆಂಪೂ ಇಲ್ಲ. ಇಲ್ಲಿ ಅನೇಕರು "ಇಗ್ನೈಟರ್ ಕೆಂಪಾಗಲಿಲ್ಲ, ಹಾಗಾದರೆ ಅದೇ ಸುಟ್ಟಿದೆ" ಎಂದು ಹೊಸದನ್ನು ತಂದುಬಿಡುತ್ತಾರೆ. ಅದಕ್ಕೆ ಇನ್ನೂ ಕರೆಯೇ ಹೋಗಿಲ್ಲವಲ್ಲ! ಹಾಗೆಯೇ ಫ್ಲೇಮ್ ಸೆನ್ಸರನ್ನು ಉಜ್ಜಿ ಹೊಳಪು ಮಾಡಿದರೂ ಇಂದು ಫಲವಿರಲಿಲ್ಲ. ಉರಿ ಬಂದು, ಕೆಲವು ಸೆಕೆಂಡು ನಿಂತು, ಆರಿಹೋದರೆ ಆಗ ಅದರ ಮೇಲೆ ಗುಮಾನಿ ಪಡಬೇಕು. ಉರಿಯ ಮೂಲಕ ಹರಿಯುವ ಕೆಲವೇ ಮೈಕ್ರೋಆಂಪಿಯರ್ ವಿದ್ಯುತ್ತನ್ನು ನೋಡಿ ಬೋರ್ಡ್ ಉರಿಯನ್ನು ಗುರುತಿಸುತ್ತದೆ. ಸೆನ್ಸರಿನ ಸಲಾಕೆಗೆ ತೆಳುವಾದ ಪೊರೆ ಕಟ್ಟಿದರೂ ಅದಕ್ಕೆ ಉರಿ ಕಾಣದಂತಾಗುತ್ತದೆ.

ಬೋರ್ಡಿನ ಚಿಕ್ಕ ಕೆಂಪು ದೀಪ ಮೂರು ಬಾರಿ ಮಿನುಗಿ, ತಡೆದು, ಮತ್ತೆ ಮೂರು ಬಾರಿ ಮಿನುಗುತ್ತಿತ್ತು. ಬಾಗಿಲಿನ ಒಳಮೈಗೆ ಅಂಟಿಸಿದ ಪಟ್ಟಿಯ ಪ್ರಕಾರ ಪ್ರೆಷರ್ ಸ್ವಿಚ್ ತೆರೆದೇ ಇದೆ ಎಂದರ್ಥ. (ಎಲ್ಲ ತಯಾರಕರ ಸಂಕೇತವೂ ಒಂದೇ ಅಲ್ಲ, ಆಯಾ ಯಂತ್ರದ ಪಟ್ಟಿಯನ್ನೇ ನಂಬಬೇಕು.) ಹೋಗಿರಬೇಕು ಎನ್ನಿಸಿಕೊಂಡಿದ್ದ ಬೋರ್ಡೇ ಇಷ್ಟು ಸ್ಪಷ್ಟವಾಗಿ ದೂರು ಕೊಡುತ್ತಿತ್ತು. ಬಾಗಿಲ ಸ್ವಿಚ್ಚನ್ನು ಅಳತೆಯ ಮಟ್ಟಿಗೆ ಒತ್ತಿ ಹಿಡಿಯಲು ಅಪ್ಪನಿಗೆ ಹೇಳಿ, ಪ್ರೆಷರ್ ಸ್ವಿಚ್ಚಿನ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದೆ: 24 ವೋಲ್ಟ್. ಮುಚ್ಚಿದ್ದರೆ ಸೊನ್ನೆ ಬರಬೇಕಿತ್ತು.

"ಅಲ್ಲಪ್ಪಾ, ಆ ಎರಡು ತಂತಿಗಳನ್ನು ಒಂದಕ್ಕೊಂದು ಕೂಡಿಸಿಬಿಟ್ಟರೆ ಆಯಿತಲ್ಲ?"

ಆಗುತ್ತದೆ, ಉರಿಯೂ ಹತ್ತಬಹುದು. ಹೊಗೆ ಹೊರಗೆ ಹೋಗುತ್ತಿದೆ ಎಂದು ಹೇಳುವ ಒಬ್ಬನೇ ಸಾಕ್ಷಿಯ ಬಾಯಿ ಕಟ್ಟಿದ ಹಾಗೂ ಆಗುತ್ತದೆ. ಹೊಗೆಯ ದಾರಿ ಕಟ್ಟಿಕೊಂಡು ಉರಿ ಉಸಿರುಗಟ್ಟಿದರೆ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಈ ವಿಷಯದಲ್ಲಿ ನಾನು ಚೌಕಾಸಿ ಮಾಡುವುದಿಲ್ಲ ಎಂದೆ. ಅಪ್ಪ ತಲೆಯಾಡಿಸಿದರು.

ಸ್ವಿಚ್ ತೆರೆದಿದೆ ಎಂದಮಾತ್ರಕ್ಕೆ ಸ್ವಿಚ್ಚೇ ಕೆಟ್ಟಿದೆ ಎಂದೂ ಅಲ್ಲ. ವಿದ್ಯುತ್ತು ತೆಗೆದು, ಎಳೆತವನ್ನು ಅದಕ್ಕೆ ಮುಟ್ಟಿಸುವ ರಬ್ಬರ್ ನಳಿಕೆಯನ್ನು ಸ್ವಿಚ್ಚಿನ ಕಡೆಯಿಂದ ಕಳಚಿ, ಸ್ವಿಚ್ಚಿನ ಮೂತಿಗೆ ಬಾಯಿಟ್ಟು ತೀರಾ ಮೆಲ್ಲಗೆ ಗಾಳಿ ಎಳೆದೆ. ಟಿಕ್. ಬಿಟ್ಟೆ. ಮತ್ತೆ ಟಿಕ್. ಸ್ವಿಚ್ ಗಟ್ಟಿಯಾಗಿದೆ, ಅದಕ್ಕೆ ಎಳೆತ ತಲುಪುತ್ತಿಲ್ಲ ಅಷ್ಟೇ. ತಲುಪಬೇಕಾದ ಎಳೆತವಾದರೂ ಎಷ್ಟು? ಅದರ ಮೇಲೆ ಬರೆದಿದ್ದ ಅಂಕಿ ಒಂದು ಇಂಚು ನೀರಿನ ಒತ್ತಡಕ್ಕಿಂತಲೂ ಕಡಿಮೆ. ಒಂದು ಇಂಚು ಎಂದರೆ ಸುಮಾರು 249 ಪಾಸ್ಕಲ್, ವಾತಾವರಣದ ಒತ್ತಡದ 400ರಲ್ಲಿ ಒಂದು ಪಾಲು. ಇಂಥ ನವಿರಾದ ಎಳೆತಕ್ಕೆ ನಳಿಕೆಯಲ್ಲಿ ನಿಂತ ನಾಲ್ಕು ಹನಿ ನೀರೂ ಗೋಡೆಯೇ.

ನಳಿಕೆಯ ಇನ್ನೊಂದು ತುದಿ, ಉರಿಯ ಶಾಖವನ್ನು ಮನೆಯ ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನ ಮುಂದಿರುವ ಪ್ಲಾಸ್ಟಿಕ್ ಪೆಟ್ಟಿಗೆಯ ಮೂತಿಗೆ ಸಿಕ್ಕಿಸಿತ್ತು. ಅದನ್ನು ಎಳೆದಾಗ ಮಣಿಕಟ್ಟಿನ ಮೇಲೆ ತಣ್ಣನೆಯ ನೀರು ಇಳಿಯಿತು. ಮೂತಿಯೊಳಗೆ ತೆಳು ತಂತಿಯನ್ನು ಮೆಲ್ಲಗೆ ಆಡಿಸಿದೆ. ಕಂದು ಲೋಳೆಯ ಒಂದು ಗಡ್ಡೆ ಹೊರಬಂದು, ಅದರ ಬೆನ್ನಿಗೇ ನೀರು ಧಾರೆಯಾಗಿ ಸುರಿಯಿತು. ಕೆಳಗೆ ಹಿಡಿದ ಲೋಟ ತುಂಬಿತು.

"ಬೆಂಕಿಯ ಪೆಟ್ಟಿಗೆಯಲ್ಲಿ ಇಷ್ಟು ನೀರು ಎಲ್ಲಿಂದ ಬಂತು?"

ಬೆಂಕಿಯಿಂದಲೇ. ಒಂದು ಕಿಲೋ ಮೀಥೇನ್ ಉರಿದರೆ ಸುಮಾರು ಎರಡೂಕಾಲು ಕಿಲೋ ನೀರು ಹುಟ್ಟುತ್ತದೆ. ಹಳೆಯ ಮಾದರಿಗಳಲ್ಲಿ ಅದು ಆವಿಯಾಗಿ ಹೊಗೆಯೊಂದಿಗೆ ಹೊರಟುಹೋಗುತ್ತದೆ. ನಮ್ಮದರಂತೆ ಶೇಕಡ 90ಕ್ಕೂ ಹೆಚ್ಚು ದಕ್ಷತೆಯ ಫರ್ನೇಸುಗಳು ಆ ಆವಿಯ ಶಾಖವನ್ನೂ ಬಿಡದೆ ಹಿಂಡಿಕೊಳ್ಳುತ್ತವೆ, ಆವಿ ತಣಿದು ನೀರಾಗುತ್ತದೆ. ತುಸು ಹುಳಿಗುಣದ ಆ ನೀರು ಟ್ರ್ಯಾಪ್ ಎಂಬ ಪುಟ್ಟ ಡಬ್ಬಿಯ ಮೂಲಕ ಚರಂಡಿಗೆ ಇಳಿಯಬೇಕು. ಇಳಿಯದಿದ್ದರೆ ಒಳಗೇ ಏರುತ್ತದೆ, ಮೂತಿ ಮುಳುಗುತ್ತದೆ, ಸ್ವಿಚ್ ಮೌನವಾಗುತ್ತದೆ. ಉಳಿತಾಯದ ಯಂತ್ರಕ್ಕೆ ಚರಂಡಿಯ ಚಾಕರಿಯೂ ಸೇರಿಕೊಂಡಿದೆ ಎಂಬುದನ್ನು ಮಾರುವವರು ಒತ್ತಿ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಟ್ರ್ಯಾಪನ್ನು ಬಿಚ್ಚಿದೆ. ತಳದಲ್ಲಿ ಬೂದು ಕೆಸರು, ಅದರಲ್ಲಿ ತುಕ್ಕಿನ ಕಣಗಳು. ಬಿಸಿನೀರಿನಲ್ಲಿ ಅಲುಗಿಸಿ ತೊಳೆದು, ಮತ್ತೆ ಕೂರಿಸಿ, ಒಂದಿಷ್ಟು ಶುದ್ಧ ನೀರು ತುಂಬಿದೆ. ಟ್ರ್ಯಾಪ್ ಬರಿದಾಗಿದ್ದರೆ ಇಂಡ್ಯೂಸರ್ ಅದರ ಮೂಲಕವೇ ಗಾಳಿ ಎಳೆದುಕೊಂಡು ನೀರಿಳಿಯಲು ಬಿಡುವುದಿಲ್ಲ. ಜೋಲುಬಿದ್ದಿದ್ದ ರಬ್ಬರ್ ನಳಿಕೆಯನ್ನು ಎತ್ತಿ ಕಟ್ಟಿದೆ, ಇನ್ನು ಮುಂದೆ ಅದರ ಹೊಟ್ಟೆಯಲ್ಲಿ ನೀರು ನಿಲ್ಲಬಾರದು.

ಬಾಗಿಲು ಹಾಕಿ ವಿದ್ಯುತ್ತು ಕೊಟ್ಟೆ. ಗುಂಯ್, ನಂತರ ಟಿಕ್. ಇಣುಕುಗಾಜಿನಲ್ಲಿ ಕೆಂಪು ಚುಕ್ಕೆ ಕಿತ್ತಳೆಯಾಗಿ, ಕಣ್ಣು ಕುಕ್ಕುವಷ್ಟು ಬೆಳಗಿತು. ವಾಲ್ವ್ ಟಕ್ಕೆಂದಿತು, ನೀಲಿ ಉರಿ ಒಂದು ಬರ್ನರಿನಿಂದ ಪಕ್ಕದ್ದಕ್ಕೆ, ಅಲ್ಲಿಂದ ಮುಂದಿನದಕ್ಕೆ ಭುಸ್ಸೆಂದು ಹಾಯಿತು. ಅರ್ಧ ನಿಮಿಷದ ಮೇಲೆ ಬ್ಲೋವರ್ ಎದ್ದಿತು.

ನಾಳೆಯ ಭೇಟಿಯನ್ನು ರದ್ದು ಮಾಡಿಲ್ಲ. ಗ್ಯಾಸಿನ ಕಡೆಯ ಕೆಲಸಕ್ಕೆ ನಾನು ಕೈಹಾಕುವುದಿಲ್ಲ. ನೈಸರ್ಗಿಕ ಅನಿಲಕ್ಕೆ ಬರ್ನರಿನ ಒತ್ತಡ ಸಾಮಾನ್ಯವಾಗಿ 3.5 ಇಂಚು ನೀರಿನಷ್ಟಿರಬೇಕು. ಅದನ್ನು ಅಳೆಯಲು ಮ್ಯಾನೊಮೀಟರ್ ಬೇಕು, ಆ ಒತ್ತಡವನ್ನು ಸರಿಪಡಿಸುವ ತಿರುಪನ್ನು ಮುಟ್ಟಲು ಪರವಾನಗಿ ಇರುವವರೇ ಬೇಕು. ಒತ್ತಡ ಅಳೆಯಿರಿ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಪರೀಕ್ಷಿಸಿ, ಟ್ರ್ಯಾಪಿನಲ್ಲಿ ಕಂಡ ತುಕ್ಕು ಎಲ್ಲಿಂದ ಬಂತೆಂದು ಹೀಟ್ ಎಕ್ಸ್‌ಚೇಂಜರನ್ನೂ ನೋಡಿ ಎಂದು ಚೀಟಿ ಬರೆದು ಫರ್ನೇಸಿನ ಬಾಗಿಲಿಗೆ ಅಂಟಿಸಿದ್ದೇನೆ. ಟ್ರ್ಯಾಪಿನ ರಬ್ಬರ್ ಬಳೆ ಗಟ್ಟಿಯಾಗಿ ಬಿರುಕುಬಿಟ್ಟಿದೆ, ಹೊಸದೊಂದನ್ನು ತನ್ನಿ ಎಂದು ಕೆಳಗೆ ಸೇರಿಸಿದ್ದೇನೆ.