ರಿಸೈನ್ ಮಾಡೋ ಮುಂಚೆ ಸ್ವಲ್ಪ ತಡೀರಿ

ಕೆಲಸ ಬಿಡ್ಬೇಕು ಅಂತ ಡಿಸೈಡ್ ಆದ್ಮೇಲೆ ಮೊದ್ಲು ಹುಡುಕಿ ಓದ್ಬೇಕಾಗಿರೋದು ಸೇರೋವಾಗ ಸೈನ್ ಹಾಕಿ ಎಲ್ಲೋ ಬಿಸಾಕಿದ್ವಲ್ಲ, ಆ ಲೆಟರ್. ನೋಟಿಸ್ ಪಿರಿಯಡ್ ಎಷ್ಟು, ಉಳಿದ ರಜಕ್ಕೆ ದುಡ್ಡು ಬರುತ್ತಾ, ಬೋನಸ್ ವಾಪಸ್ ಕೊಡ್ಬೇಕಾ, ಸಾಮಾನ್ಯವಾಗಿ ಅದ್ರಲ್ಲೇ ಇರುತ್ತೆ. ಹೊಸ ಆಫರ್ ಲಿಖಿತವಾಗಿ ಕೈಗೆ ಬರೋ ತನಕ ಬಾಯಿ ಬಿಡ್ಲೇಬೇಡಿ.

ಮ್ಯಾನೇಜರ್‌ಗೆ ಮೊದ್ಲು ಮುಖತಃ ಹೇಳಿ, ಆಮೇಲೆ ಮೇಲ್. ಪಕ್ಕದ ಸೀಟಿನವ್ರಿಂದ ಸುದ್ದಿ ಮುಟ್ಟಿದ್ರೆ ಕಥೆ ಮುಗೀತು. ಮೇಲಲ್ಲಿ "ಈ ಹುದ್ದೆಗೆ ರಾಜೀನಾಮೆ ಕೊಡ್ತಿದೀನಿ, ಕೊನೇ ದಿನ ಇಂಥದ್ದು, ಹ್ಯಾಂಡೋವರ್ ಮುಗಿಸಿ ಕೊಡ್ತೀನಿ, ಧನ್ಯವಾದ" ಇಷ್ಟು ಸಾಕು, ವರ್ಷಗಟ್ಲೆ ಹೊಟ್ಟೇಲಿಟ್ಕೊಂಡಿದ್ದ ಸಿಟ್ಟನ್ನೆಲ್ಲಾ ಅಲ್ಲಿ ಕಾರೋಕೆ ಹೋದ್ರೆ ಅದು ನಿಮ್ಮ ಫೈಲಲ್ಲೇ ಪರ್ಮನೆಂಟಾಗಿ ಕೂತಿರುತ್ತೆ.

ಸಂಬಳ ಜಾಸ್ತಿ ಮಾಡ್ತೀವಿ ಇರಿ ಅಂತಾರೆ. ನನ್ ಪ್ರಕಾರ ದುಡ್ಡೊಂದೇ ಕಾರಣ ಆಗಿದ್ರೆ ಮಾತ್ರ ಯೋಚ್ನೆ ಮಾಡಿ.

ಹ್ಯಾಂಡೋವರ್ ಮಾತ್ರ ನೀಟಾಗಿ ಮಾಡಿ, ಅರ್ಧಕ್ಕೆ ನಿಂತಿರೋ ಕೆಲಸ ಯಾವ್ದು, ಯಾವ ಫೈಲ್ ಎಲ್ಲಿದೆ, ಯಾವ ಕ್ಲೈಂಟ್‌ಗೆ ಮೇಲ್ ಹಾಕಿದ್ರೆ ಉತ್ತರ ಬರಲ್ಲ ಫೋನೇ ಮಾಡ್ಬೇಕು ಅನ್ನೋದ್ರ ತನಕ ಬರೆದಿಡಿ. (ಈ ಕೊನೇದನ್ನ ಯಾರೂ ಬರಿಯಲ್ಲ, ಬರೋ ಹೊಸಬ್ರು ಪಾಪ ಒದ್ದಾಡ್ತಾರೆ.) ಲ್ಯಾಪ್‌ಟಾಪ್, ಐಡಿ ಕಾರ್ಡ್ ಕೊಟ್ಟಿದ್ದಕ್ಕೆ ರಸೀದಿ, ಪೇಸ್ಲಿಪ್, ರಿಲೀವಿಂಗ್ ಲೆಟರ್ ಎಲ್ಲಾ ಆಫೀಸ್ ಮೇಲ್ ಬಂದ್ ಆಗೋ ಮುಂಚೇನೇ ಇಸ್ಕೊಳ್ಳಿ.