ಬೋರ್ಡಿನ ಮೇಲಿನ ಕನ್ನಡಕ್ಕೂ ಬಿಲ್ ಹಾಕಿ: ಫ್ರೀಲಾನ್ಸ್ ಡಿಸೈನ್ ಕೆಲಸದಲ್ಲಿ ಕಲಿತದ್ದು

ಫ್ರೀಲಾನ್ಸ್ ಡಿಸೈನರ್‌ಗಳಿಗೆ ಏನು ಕಷ್ಟ ಅಂತ ಕೇಳಿದರೆ ಹೆಚ್ಚಿನವರು ಕ್ಲೈಂಟ್ ಸಿಗೋದೇ ಕಷ್ಟ ಅನ್ನುತ್ತಾರೆ. ನನ್ನ ಅನುಭವದಲ್ಲಿ ಕ್ಲೈಂಟ್ ಹೇಗೋ ಸಿಗುತ್ತಾರೆ. ಮಾಡಿದ ಕೆಲಸದಲ್ಲಿ ಯಾವುದಕ್ಕೆ ದುಡ್ಡು ಬರುತ್ತದೆ, ಯಾವುದು ಪುಕ್ಕಟೆ ಹೋಗುತ್ತದೆ ಅನ್ನೋದೇ ತಲೆನೋವು. ನಾನು ಬೆಂಗಳೂರಿನಲ್ಲಿದ್ದೇನೆ. ಅಂಗಡಿ, ಹೋಟೆಲ್, ಸಣ್ಣ ಕಂಪನಿಗಳಿಗೆ ಲೋಗೊ, ಬೋರ್ಡು, ಪ್ಯಾಕೆಟ್, ಆಹ್ವಾನ ಪತ್ರಿಕೆ ಮಾಡಿಕೊಡುತ್ತೇನೆ. ನನ್ನ ಲೆಕ್ಕದಲ್ಲಿ ಪುಕ್ಕಟೆ ಹೋಗುತ್ತಿದ್ದದ್ದು ಬಹಳ ಸಲ ಕನ್ನಡ ಅಕ್ಷರದ ಕೆಲಸವೇ. ಅದಕ್ಕೆ ಬೆಲೆ ಕಟ್ಟೋದು ಹೇಗೆ ಅಂತ ನನಗೆ ಗಟ್ಟಿಯಾಗಿ ಕಲಿಸಿದ್ದು 2024.

ನಿಮಗೆ ನೆನಪಿರಬಹುದು. 2023ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷ್ ಬೋರ್ಡುಗಳ ವಿರುದ್ಧ ದೊಡ್ಡ ಪ್ರತಿಭಟನೆ ಆಯಿತು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು ಅಂತ ಪಾಲಿಕೆ 2024ರ ಫೆಬ್ರವರಿ 28ರ ಗಡುವು ಕೊಟ್ಟಿತು. ಅದೇ ಫೆಬ್ರವರಿಯಲ್ಲಿ ವಿಧಾನಮಂಡಲದಲ್ಲಿ ತಿದ್ದುಪಡಿ ಮಸೂದೆಯೂ ಪಾಸಾಯಿತು. ಕನ್ನಡ ಬೋರ್ಡಿನ ಮೇಲ್ಭಾಗದಲ್ಲಿ ಇರಬೇಕು ಅನ್ನೋದೂ ಅದರಲ್ಲಿತ್ತು. ಆ ಎರಡು ತಿಂಗಳು ನನ್ನ ಫೋನಿಗೆ ಬಿಡುವೇ ಇರಲಿಲ್ಲ. ಕೇಳುತ್ತಿದ್ದ ಮಾತು ಮಾತ್ರ ಹೆಚ್ಚುಕಮ್ಮಿ ಒಂದೇ: "ಮೇಡಂ, ಇಂಗ್ಲಿಷ್ ಲೋಗೊ ರೆಡಿ ಇದೆ. ಮೇಲೆ ಕನ್ನಡದಲ್ಲಿ ಸುಮ್ನೆ ಟೈಪ್ ಮಾಡಿ ಕೊಟ್ಬಿಡಿ. ಐದು ನಿಮಿಷದ ಕೆಲಸ ಅಲ್ವಾ?"

ಹಾಗೆ ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ದಿನಾ ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುತ್ತಾರೆ, ಅದು ಸಲೀಸಾಗಿ ಬರುತ್ತದೆ. ಬೋರ್ಡಿಗೆ ಬರೋವಾಗ ಅದೇ ಅಕ್ಷರ ಏನೇನು ಕೇಳುತ್ತದೆ ಅನ್ನೋದು ಅವರಿಗೆ ಗೊತ್ತಿರೋದಕ್ಕೆ ಕಾರಣವೇ ಇಲ್ಲ. ಅದನ್ನ ತೋರಿಸಿಕೊಡೋದು ನಮ್ಮ ಕೆಲಸ.

ಒಂದು ಸಿಹಿತಿಂಡಿ ಅಂಗಡಿಯ ಬೋರ್ಡು ತೆಗೆದುಕೊಳ್ಳೋಣ. ಇಂಗ್ಲಿಷ್ ಹೆಸರು ಎಲ್ಲ ದೊಡ್ಡಕ್ಷರದಲ್ಲಿತ್ತು. ಎರಡು ಗೆರೆ ಎಳೆದರೆ ಎಲ್ಲ ಅಕ್ಷರವೂ ಅದರ ನಡುವೆ ಕೂರುತ್ತದೆ. ಬೋರ್ಡಿನ ಎತ್ತರ ಪೂರ್ತಿ ಬಳಸಬಹುದು. ಈಗ ಅಲ್ಲಿ 'ಸ್ವೀಟ್ಸ್' ಅಂತ ಕನ್ನಡದಲ್ಲಿ ಬರೆಯಿರಿ. ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ವಕಾರದ ಒತ್ತು. ಮುಂದಿನ ಅಕ್ಷರಕ್ಕೆ ಮತ್ತೆ ಕೆಳಗೆ ಸಕಾರದ ಒತ್ತು. ಇದೆಲ್ಲ ಅದೇ ಎತ್ತರದೊಳಗೆ ಕೂರಬೇಕು ಅಂದರೆ ಮೂಲ ಅಕ್ಷರ ಚಿಕ್ಕದಾಗಲೇಬೇಕು. ಶೇ 60 ಜಾಗ ಕನ್ನಡಕ್ಕೆ ಕೊಟ್ಟರೂ ಕಣ್ಣಿಗೆ ಇಂಗ್ಲಿಷೇ ದೊಡ್ಡದಾಗಿ ಕಾಣೋದು ಇದರಿಂದಲೇ. ಒತ್ತನ್ನ ಅಕ್ಷರದ ಹೊಟ್ಟೆಗೆ ಎಷ್ಟು ಹತ್ತಿರ ತರಬಹುದು, ಎಷ್ಟು ಬದಿಗೆ ಸರಿಸಬಹುದು, ಎಲ್ಲಿ ದಪ್ಪ ಮಾಡಬಹುದು ಅಂತ ಒಂದೊಂದೇ ಅಕ್ಷರ ಕೂತು ತಿದ್ದಬೇಕಾಗುತ್ತದೆ.

ಅದು ಲೈಟ್ ಬೋರ್ಡ್ ಆದರೆ ಇನ್ನೊಂದು ಸಮಸ್ಯೆ. ಎಸಿಪಿ (ಅಲ್ಯೂಮಿನಿಯಂ) ಶೀಟ್ ಮೇಲೆ ಅಕ್ರಿಲಿಕ್ ಅಕ್ಷರ ಕೂರಿಸಿ, ಒಳಗೆ ಎಲ್‌ಇಡಿ ಮಾಡ್ಯೂಲ್ ಹಾಕುತ್ತಾರೆ. ಇಂಗ್ಲಿಷ್ ಅಕ್ಷರ ಒಂದೊಂದೂ ಒಂದೊಂದು ಡಬ್ಬಿ. ಕನ್ನಡದಲ್ಲಿ ಒತ್ತು ಬೇರೆಯದೇ ಡಬ್ಬಿ ಆಗುತ್ತದೆ. ಅದರ ಗೆರೆ ಮಾಡ್ಯೂಲ್ ಕೂರುವಷ್ಟು ಅಗಲ ಇಲ್ಲದಿದ್ದರೆ ಒಳಗೆ ಲೈಟ್ ಹಾಕೋಕೇ ಆಗಲ್ಲ. 'ಸ್ವೀಟ್ಸ್' ಪದದ ಎರಡೂ ಒತ್ತು ಕತ್ತಲಾಗಿ ಉಳಿದರೆ ರಾತ್ರಿ ರಸ್ತೆ ಆಚೆಯಿಂದ ನೋಡುವವರಿಗೆ ಅದು 'ಸೀಟ್' ಆಗಿ ಕಾಣುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಹಾಕಿಸಿದ ಬೋರ್ಡು ಹೀಗೆ ನಿಂತರೆ ಹೊಟ್ಟೆ ಉರಿಯುತ್ತದೆ. ನಗರದಲ್ಲಿ ಇಂಥ ಬೋರ್ಡುಗಳು ಈಗಲೂ ಬೇಕಾದಷ್ಟಿವೆ. ಸಂಜೆ ಏಳರ ಮೇಲೆ ಯಾವುದಾದರೂ ಮೇನ್ ರೋಡಿನಲ್ಲಿ ನಡೆದು ನೋಡಿ.

ಆ ಅಂಗಡಿ ಮಾಲೀಕರಿಗೆ ಫೋನಿನಲ್ಲಿ ಎಷ್ಟು ವಿವರಿಸಿದರೂ ತಲೆಗೆ ಹೋಗಲಿಲ್ಲ. ಎರಡು ಪ್ರಿಂಟ್ ತೆಗೆದುಕೊಂಡು ಹೋದೆ. ಒಂದರಲ್ಲಿ ಫಾಂಟ್ ಇದ್ದ ಹಾಗೇ ಟೈಪ್ ಮಾಡಿದ್ದು, ಇನ್ನೊಂದರಲ್ಲಿ ನಾನು ತಿದ್ದಿದ ಅಕ್ಷರ. ಎರಡನ್ನೂ ಶಟರ್ ಮೇಲೆ ಅಂಟಿಸಿ, "ಸರ್, ರಸ್ತೆ ದಾಟಿ ಆ ಕಡೆ ನಿಂತು ನೋಡಿ" ಅಂದೆ. ಅವರು ಹೋಗಿ ನೋಡಿದರು, ವಾಪಸ್ ಬಂದು ಕೇಳಿದ ಮೊದಲ ಪ್ರಶ್ನೆ, "ಇದಕ್ಕೆ ಎಷ್ಟಾಗುತ್ತಮ್ಮ?" ಆವತ್ತಿನಿಂದ ನನ್ನ ಕೊಟೇಶನ್ ಬದಲಾಯಿತು. ಮೊದಲು 'ಬೋರ್ಡ್ ಡಿಸೈನ್' ಅಂತ ಒಂದೇ ಸಾಲು ಇರುತ್ತಿತ್ತು. ಈಗ 'ಕನ್ನಡ ಅಕ್ಷರ ವಿನ್ಯಾಸ' ಅಂತ ಬೇರೆ ಸಾಲು, ಅದರ ಮುಂದೆ ಬೇರೆ ಮೊತ್ತ. ಇಂಗ್ಲಿಷ್ ಲೋಗೊ ಸರಿಮಾಡೋದು ಒಂದು ಸಾಲು, ಜಾಗಕ್ಕೆ ಹೋಗಿ ಅಳತೆ ನೋಡೋದು ಒಂದು ಸಾಲು, ಬೋರ್ಡ್ ಮಾಡುವವರಿಗೆ ಫೈಲ್ ರೆಡಿ ಮಾಡೋದು ಒಂದು ಸಾಲು. ಹಾಗೆ ಬಿಡಿಬಿಡಿಯಾಗಿ ಬರೆದಾಗ ಚೌಕಾಸಿ ನಿಂತುಹೋಗಲ್ಲ. ಆದರೆ ಯಾವುದನ್ನ ಬಿಟ್ಟರೆ ಎಷ್ಟು ಕಮ್ಮಿ ಅನ್ನೋ ಲೆಕ್ಕದ ಮೇಲೆ ಚೌಕಾಸಿ ನಡೆಯುತ್ತದೆ. ಒಂದೇ ಮೊತ್ತ ಬರೆದಿದ್ದರೆ, "ಲಾಸ್ಟ್ ಎಷ್ಟು ಹೇಳಿ" ಅನ್ನೋದೊಂದೇ ಉಳಿಯುತ್ತದೆ.

ಫೈಲ್ ವಿಷಯವನ್ನೂ ಹೇಳಲೇಬೇಕು, ಯಾಕಂದರೆ ಕನ್ನಡದಲ್ಲಿ ಕೆಲಸ ಮಾಡೋರ ಅರ್ಧ ಸಮಯ ಅಲ್ಲೇ ಹೋಗುತ್ತದೆ. ಕ್ಲೈಂಟ್ ಕಳಿಸೋ ವಿಷಯ ಬಹಳ ಸಲ 'ನುಡಿ' ಅಥವಾ 'ಬರಹ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಇರುತ್ತದೆ. ಅದು ಎಲ್ಲ ಕಂಪ್ಯೂಟರಿಗೂ ಅರ್ಥ ಆಗೋ ಯೂನಿಕೋಡ್ ಅಲ್ಲದ ಕಾರಣ ನಮ್ಮ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಅದನ್ನ ಕನ್ವರ್ಟ್ ಮಾಡಿದ ಮೇಲೂ ಅರ್ಕಾವತ್ತು, ಒತ್ತಕ್ಷರಗಳನ್ನ ಒಮ್ಮೆ ಕೂತು ಓದಬೇಕು. ಇನ್ನು ಹಳೇ ಫೋಟೊಶಾಪ್, ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳನ್ನ ಸರಿಯಾಗಿ ಜೋಡಿಸೋ 'ವರ್ಲ್ಡ್-ರೆಡಿ' ಸೆಟ್ಟಿಂಗ್ ಆಯ್ಕೆ ಮಾಡಿಕೊಳ್ಳದಿದ್ದರೆ ಯೂನಿಕೋಡ್ ಕನ್ನಡ ಒಡೆದುಹೋಗುತ್ತದೆ. 'ಸ್ಟೋರ್ಸ್' ಅನ್ನೋದರಲ್ಲಿ ಒತ್ತು ಕೆಳಗೆ ಬರದೆ, ಬಿಡಿ ಬಿಡಿ ಅರ್ಧಾಕ್ಷರಗಳು ಸಾಲಾಗಿ ನಿಲ್ಲುತ್ತವೆ. ಪ್ರೆಸ್ಸಿನಲ್ಲಿ ಹಳೇ ಕೋರೆಲ್‌ಡ್ರಾ ಇದ್ದರೆ ಅದೇ ಫೈಲ್ ಅಲ್ಲಿ ಮತ್ತೆ ಒಡೆಯುತ್ತದೆ. ಅದಕ್ಕೇ ಕರ್ವ್ಸ್‌ಗೆ ಬದಲಿಸಿದ, ಅಂದರೆ ಅಕ್ಷರವನ್ನ ಚಿತ್ರದ ಗೆರೆಯಾಗಿ ಮಾಡಿದ ಪಿಡಿಎಫ್ ಜೊತೆಗೆ, ನೋಡಿ ಹೋಲಿಸೋಕೆ ಅಂತ ಒಂದು ಜೆಪಿಜಿಯನ್ನೂ ಯಾವಾಗಲೂ ಕಳಿಸುತ್ತೇನೆ. "ಈ ಜೆಪಿಜಿಯಲ್ಲಿ ಇರೋ ಹಾಗೇ ಬರಬೇಕು, ಒಂದು ಒತ್ತು ಆಚೀಚೆ ಆದರೂ ಪ್ರಿಂಟ್ ಹಾಕಬೇಡಿ" ಅಂತ ಪ್ರೆಸ್ಸಿನವರಿಗೆ ಬರೆದೂ ಹಾಕುತ್ತೇನೆ, ಬಾಯಲ್ಲೂ ಹೇಳುತ್ತೇನೆ.

ಫಾಂಟಿಗೆ ದುಡ್ಡಿಲ್ಲ ಅಂತ ಯಾರದೋ ಫಾಂಟ್ ಕದ್ದು ಬಳಸೋ ಅಗತ್ಯ ಈಗಿಲ್ಲ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ತಿರೊ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ವ್ಯಾಪಾರದ ಕೆಲಸಕ್ಕೂ ಬಳಸಬಹುದು.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಅಂಗಡಿಯವರು ಚೌಕಾಸಿ ಮಾಡಿದರೂ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ನನಗೆ ಬಾಕಿ ಉಳಿಸಿಕೊಂಡವರಲ್ಲಿ ಹೆಚ್ಚಿನವರು ದೊಡ್ಡ ಆಫೀಸಿನವರು. ಒಂದು ಕಂಪನಿ ಕ್ಯಾಲೆಂಡರ್, ಡೈರಿ ಎಲ್ಲ ಮಾಡಿಸಿಕೊಂಡು, ಹೊಸ ವರ್ಷಕ್ಕೆ ಎಲ್ಲರಿಗೂ ಹಂಚಿ ಆದಮೇಲೂ ಬಿಲ್ ಪಾಸ್ ಮಾಡಿರಲಿಲ್ಲ. ಫೋನ್ ಮಾಡಿದರೆ ಅಕೌಂಟ್ಸ್‌ನವರು ಮಾರ್ಕೆಟಿಂಗ್ ಕಡೆ, ಮಾರ್ಕೆಟಿಂಗ್‌ನವರು ಅಕೌಂಟ್ಸ್ ಕಡೆ ಕೈ ತೋರಿಸುತ್ತಿದ್ದರು. ಇಂಥ ಹೊತ್ತಿನಲ್ಲಿ ಒಬ್ಬರೇ ಕೆಲಸ ಮಾಡೋರಿಗೆ ಆಗೋ ದಣಿವು ಬೇರೆಯೇ ಥರದ್ದು. ನಮ್ಮ ಪರವಾಗಿ ಮಾತಾಡೋಕೆ ಆಫೀಸಿನಲ್ಲಿ ಇನ್ನೊಬ್ಬರು ಇರಲ್ಲ. ಹೊಸ ಕೆಲಸ ಮಾಡಬೇಕಾದ ಬೆಳಗಿನ ಹೊತ್ತು ಹಳೇ ದುಡ್ಡಿಗೆ ಫೋನ್ ಮಾಡೋದರಲ್ಲೇ ಕಳೆದುಹೋಗುತ್ತದೆ.

ಆಗ ಸಹಾಯಕ್ಕೆ ಬಂದದ್ದು ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡೋ ಉದ್ಯಮ್ ನೋಂದಣಿ. ಫ್ಯಾಕ್ಟರಿ ಇದ್ದವರಿಗೆ ಮಾತ್ರ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ, ಸೇವೆ ಕೊಡೋರೂ ಸೇರುತ್ತಾರೆ. ಮನೆಯಲ್ಲಿ ಕೂತು ಡಿಸೈನ್ ಮಾಡೋರೂ ಆನ್‌ಲೈನ್‌ನಲ್ಲಿ ಪುಕ್ಕಟೆಯಾಗಿ ಮಾಡಿಕೊಳ್ಳಬಹುದು. ಸಣ್ಣ ಉದ್ಯಮಗಳಿಗೆ ಅಂತ ಇರೋ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ, ನಾವು ಮಾಡಿಕೊಟ್ಟ ಕೆಲಸವನ್ನ ಕ್ಲೈಂಟ್ ಸ್ವೀಕರಿಸಿದ ದಿನದಿಂದ ಹೆಚ್ಚೆಂದರೆ 45 ದಿನದ ಒಳಗೆ ದುಡ್ಡು ಕೊಡಬೇಕು. ಬರವಣಿಗೆಯಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. ತಡ ಮಾಡಿದರೆ ರಿಸರ್ವ್ ಬ್ಯಾಂಕ್ ಹೇಳಿದ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಕೊಡದಿದ್ದರೆ ಸಣ್ಣ ಉದ್ಯಮಗಳ ಬಾಕಿಗೆ ಅಂತಲೇ ಇರೋ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಇದರ ಜೊತೆಗೆ 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯಲ್ಲಿ 43ಬಿ(ಎಚ್) ಅಂತ ಒಂದು ನಿಯಮ ತಂದಿತು. ಸಣ್ಣ ಉದ್ಯಮಗಳಿಗೆ ಈ ಗಡುವಿನೊಳಗೆ ದುಡ್ಡು ಕೊಡದ ಕಂಪನಿ, ನಿಜವಾಗಿ ಕೊಡುವ ವರ್ಷದವರೆಗೆ ಅದನ್ನ ಖರ್ಚು ಅಂತ ತೋರಿಸಿಕೊಳ್ಳೋ ಹಾಗಿಲ್ಲ.

ನಾನು ಮಾಡಿದ್ದು ಇಷ್ಟೇ. ಉದ್ಯಮ್ ನಂಬರನ್ನ ಇನ್‌ವಾಯ್ಸ್ ತಲೆಯ ಮೇಲೆ, ಜಿಎಸ್‌ಟಿ ನಂಬರ್ ಬರೋ ಜಾಗದ ಪಕ್ಕದಲ್ಲಿ ಹಾಕಿದೆ. ಕೆಳಗೆ ಪಾವತಿಯ ಕೊನೇ ದಿನಾಂಕವನ್ನ ಬರೆದೆ. 'ಬೇಗ ಕೊಡಿ' ಅನ್ನೋ ಮಾತಿಗಿಂತ ಒಂದು ತಾರೀಖು ಹೆಚ್ಚು ಕೆಲಸ ಮಾಡುತ್ತದೆ. ಕಂಪನಿಯ ಆಡಿಟರ್ ಆ ನಂಬರ್ ನೋಡಿದ ಕೂಡಲೇ ಮಾರ್ಚ್ ಒಳಗೆ ಬಿಲ್ ಮುಗಿಸಿ ಅಂತ ಅವರೇ ಹೇಳುತ್ತಾರೆ. ಜಗಳ ಆಡದೆ ಬಂದ ದುಡ್ಡು ಅದು. ಆದರೆ ಒಂದು ಮಾತು: ನೋಂದಣಿಯನ್ನ ಕೆಲಸ ಒಪ್ಪಿಕೊಳ್ಳೋ ಮೊದಲೇ ಮಾಡಿಟ್ಟುಕೊಳ್ಳಿ. ಬಾಕಿ ಉಳಿದ ಮೇಲೆ ಓಡಿಹೋಗಿ ಮಾಡಿಸಿದರೆ ಹಳೇ ಬಿಲ್ಲಿಗೆ ಅದು ಆಸರೆ ಆಗೋದು ಕಷ್ಟ.

ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದುಕೊಳ್ಳೋ ಆದಾಯ ತೆರಿಗೆ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಂಪನಿಗಳು ನಮ್ಮ ಬಿಲ್ಲಿನಲ್ಲಿ ಸಾಮಾನ್ಯವಾಗಿ ಶೇ 10 ಹಿಡಿದುಕೊಂಡು ಉಳಿದದ್ದನ್ನ ಕೊಡುತ್ತವೆ. ಹಿಡಿದದ್ದು ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆಗಿದೆಯೇ ಅಂತ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನೀವೇ ನೋಡಬೇಕು. ಅದು ನಿಮ್ಮ ದುಡ್ಡು, ರಿಟರ್ನ್ ಹಾಕಿದರೆ ಲೆಕ್ಕಕ್ಕೆ ಸಿಗುತ್ತದೆ.

ಓಪನ್ ಫೈಲ್, ಅಂದರೆ ಮತ್ತೆ ತಿದ್ದಬಹುದಾದ ಮೂಲ ಫೈಲ್ ಕೇಳುವವರ ಜೊತೆಗೆ ಹಕ್ಕು ಯಾರದು ಅಂತಲೂ ಮೊದಲೇ ಮಾತಾಡಿಕೊಳ್ಳಬೇಕು. ಸಂಬಳಕ್ಕೆ ಕೆಲಸ ಮಾಡೋರು ರಚಿಸಿದ ಲೋಗೊ ಸಾಮಾನ್ಯವಾಗಿ ಕಂಪನಿಯದಾಗುತ್ತದೆ. ಹೊರಗಿನಿಂದ ಮಾಡಿಕೊಡೋರ ವಿಷಯದಲ್ಲಿ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಬರವಣಿಗೆಯಲ್ಲಿ ವರ್ಗಾವಣೆ ಆಗಬೇಕು. ನಾನು ಇದನ್ನ ಕ್ಲೈಂಟ್ ಕೈ ಕಟ್ಟಿಹಾಕೋಕೆ ಬಳಸಲ್ಲ. 'ಪೂರ್ತಿ ದುಡ್ಡು ಬಂದ ದಿನ ಲೋಗೊದ ಪೂರ್ತಿ ಹಕ್ಕು ನಿಮ್ಮದು' ಅಂತ ಕೊಟೇಶನ್ನಿನಲ್ಲೇ ಒಂದು ಸಾಲು ಬರೆಯುತ್ತೇನೆ. ಇಬ್ಬರಿಗೂ ನೆಮ್ಮದಿ.

ಇನ್ನೊಂದು ಕಷ್ಟ, ಇದನ್ನ ನಮ್ಮ ಕಡೆ ಕೆಲಸ ಮಾಡೋರೇ ಬಲ್ಲರು: ಆಷಾಢ. ಗೃಹಪ್ರವೇಶ ಇಲ್ಲ, ಮದುವೆ ಇಲ್ಲ, ಹೊಸ ಅಂಗಡಿ ತೆರೆಯಲ್ಲ. ಆಹ್ವಾನ ಪತ್ರಿಕೆಯೂ ಇಲ್ಲ, ಬೋರ್ಡೂ ಇಲ್ಲ. ಶ್ರಾವಣ ಬಂದ ಕೂಡಲೇ ಎಲ್ಲರಿಗೂ ಒಂದೇ ವಾರದಲ್ಲಿ ಬೇಕು. ದಸರಾ, ದೀಪಾವಳಿ ದಾಟಿ ನವೆಂಬರ್‌ಗೆ ಬಂದರೆ ರಾಜ್ಯೋತ್ಸವದ ಪೋಸ್ಟರ್‌ಗಳು, ಆಮೇಲೆ ಕ್ಯಾಲೆಂಡರ್. ಆಷಾಢದ ಬಾಡಿಗೆಯನ್ನ ಯುಗಾದಿ ಹೊತ್ತಿಗೇ ಎತ್ತಿಡೋದನ್ನ ರೂಢಿ ಮಾಡಿಕೊಳ್ಳದಿದ್ದರೆ, ಆ ತಿಂಗಳು ಸಿಕ್ಕಿದ ರೇಟಿಗೆ ಒಪ್ಪಿಕೊಳ್ಳಬೇಕಾಗುತ್ತದೆ. ಒಮ್ಮೆ ಇಳಿಸಿದ ರೇಟನ್ನ ಅದೇ ಕ್ಲೈಂಟ್ ಹತ್ತಿರ ಮತ್ತೆ ಏರಿಸೋದು ಬಹಳ ಕಷ್ಟ.

ಇತ್ತೀಚೆಗೆ ಎಐನಲ್ಲಿ ಲೋಗೊ ಮಾಡಿಸಿಕೊಂಡು ಬರುವವರೂ ಇದ್ದಾರೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಹತ್ತಿರದಿಂದ ನೋಡಿದರೆ ಕನ್ನಡದ ಹಾಗೆ ಕಾಣೋ, ಕನ್ನಡದಲ್ಲಿ ಇಲ್ಲದ ಅಕ್ಷರ ಬಹಳ ಸಲ ಒಳಗೆ ಕೂತಿರುತ್ತದೆ. ಅದನ್ನೂ ತಿದ್ದಿಕೊಡುತ್ತೇನೆ. ಅದಕ್ಕೂ 'ಕನ್ನಡ ಅಕ್ಷರ ವಿನ್ಯಾಸ' ಅನ್ನೋ ಅದೇ ಸಾಲು, ಅದೇ ರೇಟು.

ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು, "ಅಕ್ಕ, ಕನ್ನಡಕ್ಕೆ ಇಂಗ್ಲಿಷಿನಷ್ಟೇ ರೇಟ್ ಹೇಳಿದರೆ ಕೆಲಸ ಕೈತಪ್ಪಲ್ವಾ?" ಕೆಲವು ತಪ್ಪುತ್ತವೆ, ನನಗೂ ತಪ್ಪಿವೆ. ಆದರೆ ಉಳಿದ ಕ್ಲೈಂಟ್‌ಗಳು ಎರಡನೇ ಬ್ರಾಂಚ್ ತೆರೆಯುವಾಗ ಕನ್ನಡದ ಬೋರ್ಡನ್ನೇ ಮೊದಲು ಮಾಡಿ, ಇಂಗ್ಲಿಷ್ ಆಮೇಲೆ ನೋಡೋಣ ಅಂತ ಫೋನ್ ಮಾಡಿದ್ದೂ ಇದೆ.

ಬೋರ್ಡ್ ಮಾಡುವವರು ಯಾರಾದರೂ ಇದನ್ನ ಓದುತ್ತಿದ್ದರೆ ನನಗೊಂದು ವಿಷಯ ತಿಳಿಸಿ. ಲೈಟ್ ಬೋರ್ಡಿನಲ್ಲಿ ಒತ್ತಕ್ಷರದ ಗೆರೆಗೆ ನೀವು ಕನಿಷ್ಠ ಎಷ್ಟು ಅಗಲ ಇಟ್ಟುಕೊಳ್ಳುತ್ತೀರಿ? ಒಬ್ಬೊಬ್ಬರು ಒಂದೊಂದು ಅಳತೆ ಹೇಳುತ್ತಾರೆ. ಎಲ್ಲರೂ ಒಪ್ಪೋ ಒಂದು ಅಳತೆ ಸಿಕ್ಕರೆ ಅದನ್ನ ಎಲ್ಲ ಡಿಸೈನರ್‌ಗಳಿಗೂ ಹಂಚಬಹುದು.