ಆ ಮಗು ಕೇಳಿದ್ದು ರಮ್ ಅಲ್ಲ ಸಾರ್

ಪ್ರಿವ್ಯೂ ರೂಮಿನಲ್ಲಿ ಹದಿನಾಲ್ಕು ಜನ. ತೆರೆಯ ಮೇಲೆ ಡ್ಯಾನಿ ಅನ್ನೋ ಪುಟ್ಟ ಹುಡುಗ ಕೈಯಲ್ಲಿ ಚಾಕು ಹಿಡಿದು, ಗೊಗ್ಗರು ದನಿಯಲ್ಲಿ ಒಂದೇ ಪದವನ್ನು ಮತ್ತೆ ಮತ್ತೆ ಹೇಳುತ್ತಿದ್ದಾನೆ. ಕೆಳಗೆ ನನ್ನ ಸಬ್‌ಟೈಟಲ್: ‘ರೆಡ್‌ರಮ್... ರೆಡ್‌ರಮ್...’ ಮೈ ಜುಮ್ಮೆನ್ನಬೇಕಾದ ಜಾಗ. ಆಗ ಅಕೌಂಟ್ಸ್‌ನವರು ಪಕ್ಕದವರ ಕಡೆ ಬಾಗಿ, ಪಿಸುಗುಡುತ್ತಿದ್ದೇನೆ ಅಂದುಕೊಂಡು ಇಡೀ ರೂಮಿಗೆ ಕೇಳುವಂತೆ ಹೇಳಿದರು: “ಅಪ್ಪ ಕುಡುಕ, ಸರಿ. ಈ ಮಗೂನೂ ರಮ್ ಕೇಳ್ತಿದೆಯಲ್ರೀ!”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೂ ಮೂರ್ನಾಲ್ಕು ಜನ. ಕ್ಲೈಂಟ್ ಕಡೆಯ ಮೇಡಂ ಪೆನ್ನು ತೆಗೆದು ಏನೋ ಬರೆದುಕೊಂಡರು. ಎಸಿ ಇದ್ದರೂ ನನ್ನ ಬೆನ್ನು ಬೆವರಿತು.

ಸಿನಿಮಾ ‘ದಿ ಶೈನಿಂಗ್’. ಸ್ಟೀಫನ್ ಕಿಂಗ್ ಅವರ 1977ರ ಕಾದಂಬರಿಯನ್ನು ಸ್ಟ್ಯಾನ್ಲಿ ಕ್ಯೂಬ್ರಿಕ್ 1980ರಲ್ಲಿ ತೆರೆಗೆ ತಂದದ್ದು. ಚಳಿಗಾಲಕ್ಕೆ ಬಾಗಿಲು ಹಾಕಿದ ಬೆಟ್ಟದ ಹೋಟೆಲನ್ನು ಕಾಯಲು ಹೋಗುವ ಸಂಸಾರ, ಅಲ್ಲಿನ ದೆವ್ವಗಳು, ದಿನದಿನಕ್ಕೆ ತಲೆ ಕೆಡುವ ಅಪ್ಪ. ರೆಡ್ರಮ್ ಅಂದರೆ ಇಂಗ್ಲಿಷಿನ ಮರ್ಡರ್ ಪದದ ಅಕ್ಷರಗಳನ್ನು ಹಿಂದುಮುಂದು ಬರೆದದ್ದು. ಹುಡುಗ ಅದನ್ನು ಲಿಪ್‌ಸ್ಟಿಕ್‌ನಲ್ಲಿ ಬಾಗಿಲ ಮೇಲೆ ಗೀಚುತ್ತಾನೆ. ಅಮ್ಮನಿಗೆ ಕನ್ನಡಿಯಲ್ಲಿ ಅದು ನೆಟ್ಟಗೆ ಕಾಣಿಸುತ್ತದೆ. ಇದನ್ನು ಕನ್ನಡಕ್ಕೆ ಹೇಗೆ ತರೋದು?

ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗ ಡ್ರಾಫ್ಟ್‌ನಲ್ಲೇ ತಂದುಬಿಟ್ಟಿದ್ದ. ಕೊಲೆ, ತಿರುಗಿಸಿದರೆ ‘ಲೆಕೊ’. ಕ್ಯಾಂಟೀನಿನಲ್ಲಿ ಆ ಗೊಗ್ಗರು ದನಿಯಲ್ಲೇ ‘ಲೆಕೊ, ಲೆಕೊ’ ಅಂತ ಹೇಳಿಯೂ ತೋರಿಸಿದ್ದ. ಪಕ್ಕದ ಟೇಬಲ್‌ನವರು ಚಮಚ ಕೆಳಗಿಟ್ಟು ನೋಡಿದ್ದರು.

ನಾನು ಆ ವಾರ ಬೇರೆಯದೇ ಗುಂಗಿನಲ್ಲಿದ್ದೆ. ಸಿನಿಮಾದ ಅಪ್ಪ ದಿನಗಟ್ಟಲೆ ಟೈಪ್ ಮಾಡಿದ್ದು ಕಾದಂಬರಿಯಲ್ಲ, ಮತ್ತೆ ಮತ್ತೆ ಒಂದೇ ಗಾದೆ ಅಂತ ಗೊತ್ತಾಗುವ ದೃಶ್ಯವಿದೆಯಲ್ಲ, ಅದಕ್ಕೆ ‘ಕೈ ಕೆಸರಾದರೆ ಬಾಯಿ ಮೊಸರು’ ಅಂತ ಹಾಕಿದ್ದೆ. “ಅಮೆರಿಕದಲ್ಲಿ ಮೊಸರಾ?” ಅಂದರು ನಮ್ಮ ಲೀಡ್. ಕ್ಯೂಬ್ರಿಕ್ ಬೇರೆ ಭಾಷೆಗಳಿಗಾಗಿ ಆ ಹಾಳೆಗಳನ್ನು ಬೇರೆ ಬೇರೆ ಗಾದೆಗಳಲ್ಲೇ ಟೈಪ್ ಮಾಡಿಸಿದ್ದರು. ಇಟಾಲಿಯನ್ನರಿಗೆ ‘ಬೆಳಗಿನ ಬಾಯಲ್ಲಿ ಚಿನ್ನವಿದೆ’ ಅನ್ನೋ ಅರ್ಥದ್ದು, ಜರ್ಮನ್ನರಿಗೆ ಇವತ್ತಿನ ಕೆಲಸ ನಾಳೆಗಿಡಬೇಡ ಅನ್ನೋದು. ಅದನ್ನು ತೋರಿಸಿ ವಾದ ಗೆದ್ದೆ. ಹೆಸರು, ಮುಖ್ಯ ಪದಗಳನ್ನು ಎಲ್ಲರೂ ಒಂದೇ ಥರ ಬರೆಯಲಿ ಅಂತ ಇಟ್ಟುಕೊಳ್ಳುವ ಕೆಎನ್‌ಪಿ ಶೀಟಿನಲ್ಲಿ ಯಾರೋ ಕಾದಂಬರಿ ನೋಡಿ ರೂಮ್ ನಂಬರ್ 217 ಅಂತ ಹಾಕಿದ್ದರು. ಸಿನಿಮಾದಲ್ಲಿ ಅದು 237. ಹೊರಾಂಗಣ ತೆಗೆದ ಆರೆಗಾನ್‌ನ ಟಿಂಬರ್‌ಲೈನ್ ಲಾಡ್ಜ್‌ನವರು, ಆಮೇಲೆ ಆ ರೂಮಿಗೆ ಯಾರೂ ಬರಲ್ಲ ಅಂತ ಹೆದರಿ ನಂಬರ್ ಬದಲಾಯಿಸಿ ಅಂದಿದ್ದರು. ಅದನ್ನೂ ನಾನೇ ಹಿಡಿದೆ. ತಲೆ ಸ್ವಲ್ಪ ಜಾಸ್ತಿಯೇ ತಿರುಗಿತ್ತು.

ಪ್ರಿವ್ಯೂ ಹಿಂದಿನ ದಿನ ಸಂಜೆ ಪ್ರಾಜೆಕ್ಟ್ ಮ್ಯಾನೇಜರ್ ಫೈನಲ್ ವಿಡಿಯೋ ಕಳಿಸಿದರು. ಯಾವ ಸಾಲು ಯಾವ ಕ್ಷಣಕ್ಕೆ ಬರಬೇಕು ಅನ್ನೋ ನಮ್ಮ ಟೆಂಪ್ಲೇಟ್ ಅಮೆರಿಕದ 144 ನಿಮಿಷದ ಕಟ್‌ಗೆ ಮಾಡಿದ್ದು. ಬಂದದ್ದು ಯೂರೋಪಿಗೆ ಅಂತ ಕ್ಯೂಬ್ರಿಕ್ಕೇ ಕತ್ತರಿಸಿದ 119 ನಿಮಿಷದ್ದು. ಮಗುವನ್ನು ಡಾಕ್ಟರಮ್ಮ ನೋಡುವ ದೃಶ್ಯವೇ ಅದರಲ್ಲಿಲ್ಲ. ಆಕೆಯ ಪ್ರಶ್ನೆಗಳೆಲ್ಲ ಹೋಗಿ ಕಾರಿನಲ್ಲಿ ಕೂತ ಸಂಸಾರದ ಮೇಲೆ ಬಿದ್ದಿದ್ದವು. “ಆಫ್‌ಸೆಟ್ ಹಾಕಿ ಮುಗಿಸಿಬಿಡಿ” ಅಂತ ಮೆಸೇಜ್. ಅಂದರೆ ಎಲ್ಲ ಸಾಲನ್ನೂ ಒಂದೇ ಅಳತೆಗೆ ಒಟ್ಟಿಗೆ ಸರಿಸೋದು. ಒಂದೇ ಕಡೆ ಕತ್ತರಿಸಿದ್ದರೆ ಹಾಕಬಹುದಿತ್ತು. ಅಲ್ಲೊಂದು ಇಲ್ಲೊಂದು ಕಡೆ ಹೋಗಿತ್ತು. ಕೂತು ಸಾಲು ಸಾಲೇ ಸರಿಸಬೇಕಾಯಿತು.

ರಾತ್ರಿ ಒಂದು ಗಂಟೆಗೆ ತಪ್ಪು ಹುಡುಕುವ ಕ್ಯೂಸಿ ಟೂಲ್ ಓಡಿಸಿದರೆ ‘ಲೆಕೊ’ ಇದ್ದ ಕಡೆಯೆಲ್ಲ ಕೆಂಪು ಗೆರೆ. ನಿಘಂಟಿನಲ್ಲಿಲ್ಲದ ಪದ. ಟೂಲ್ ಹೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ, ಅದಕ್ಕೆ ‘ಅಯ್ಯಯ್ಯೋ’ ಕೂಡ ತಪ್ಪೇ. ಆದರೆ ನನ್ನ ತಲೆಯೂ ಶುರುಮಾಡಿತು. ಎರಡೇ ಅಕ್ಷರ, ಎಲ್ಲರೂ ತಕ್ಷಣ ತಿರುಗಿಸಿ ಓದಿಬಿಡ್ತಾರೆ, ಕನ್ನಡಿ ಬರೋ ಹೊತ್ತಿಗೆ ಗುಟ್ಟು ರಟ್ಟು. ಕಿವಿಗೆ ಬೀಳೋದು ರೆಡ್ರಮ್, ಕಣ್ಣಿಗೆ ಲೆಕೊ, ಕ್ಲೈಂಟ್ ಕೇಳಿದರೆ? ರಿಪ್ಲೇಸ್ ಆಲ್ ಒತ್ತಿದೆ. ‘ರೆಡ್ರಮ್’ನ ಒತ್ತು ತೆರೆಯಲ್ಲಿ ಕೆಳಗೆ ಕತ್ತರಿಸಿದಂತೆ ಕಂಡಿತು. ಅದಕ್ಕೆ ಪದ ಒಡೆದು ‘ರೆಡ್‌ರಮ್’ ಮಾಡಿದೆ. ಬಾಟಲಿಯ ಲೇಬಲ್ ಅಂಟಿಸಿದ್ದು ನಾನೇ. ಹುಡುಗನಿಗೆ ಒಂದು ಮೆಸೇಜೂ ಹಾಕಲಿಲ್ಲ.

ಪ್ರಿವ್ಯೂಗೆ ವಾಪಸ್ ಬರೋಣ. ಅಮ್ಮ ಎದ್ದಳು, ಮಗನನ್ನು ತಬ್ಬಿಕೊಂಡಳು, ಕನ್ನಡಿ ನೋಡಿದಳು. ತೆರೆಯ ಮೇಲಿನ ಬರಹಕ್ಕೆ ಹಾಕುವ ಸಬ್‌ಟೈಟಲ್, ನನ್ನ ಎಫ್‌ಎನ್, ಬಂತು: ‘ಕೊಲೆ’. ಆಕೆಯ ಮುಖ ಬಿಳಿಚಿಕೊಂಡಿತು. ರೂಮಿನಲ್ಲಿ ಒಬ್ಬರ ಮುಖವೂ ಬದಲಾಗಲಿಲ್ಲ. ಅಷ್ಟರಲ್ಲಿ ಬಾಗಿಲಿಗೆ ಕೊಡಲಿ ಏಟು ಬಿದ್ದು ಎಲ್ಲರೂ ಬೆಚ್ಚಿದರು. ಕೊಡಲಿ ನೋಡಿ ಬೆಚ್ಚಿದ್ದು, ನನ್ನ ಸಾಲು ಓದಿ ಅಲ್ಲ.

ಲೈಟ್ ಹಾಕಿದ ಮೇಲೆ ಕ್ಲೈಂಟ್ ಮೇಡಂ ಮೊದಲು ಕೇಳಿದ್ದೇ ಅದನ್ನು. “ಬಾಗಿಲ ಮೇಲೆ ರಮ್ ಅಂತ ಬರೆದಿದ್ರೆ, ಕನ್ನಡೀಲಿ ಕೊಲೆ ಅಂತ ಯಾಕೆ ಬಂತು?” ವೈಟ್‌ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರ ಬರೆದು ಉಲ್ಟಾ ಮಾಡಿ ತೋರಿಸಿದೆ. ಸಬ್‌ಟೈಟಲ್ ಮಾಡಿದವರು ಎದ್ದು ನಿಂತು ವೈಟ್‌ಬೋರ್ಡಿನಲ್ಲಿ ವಿವರಿಸಬೇಕಾದರೆ ಆ ಸಬ್‌ಟೈಟಲ್ ಯಾಕೆ ಬೇಕು? ಕೊನೆಗೆ ನನ್ನ ಬಾಯಿಂದಲೇ ಬಂತು: “ಮೊದಲು ಲೆಕೊ ಅಂತಿತ್ತು.” “ಮತ್ತೆ ಯಾಕೆ ತೆಗೆದ್ರಿ?” ಅಂದರು. ಹುಡುಗ ಫೋನ್ ನೋಡುತ್ತಿದ್ದ. ಸ್ಕ್ರೀನ್ ಆಫ್ ಆಗಿತ್ತು.

ತಕ್ಷಣ ಗೊತ್ತಾಗಿಬಿಡುತ್ತೆ ಅನ್ನೋ ಭಯವೂ ಸುಳ್ಳೇ ಆಯ್ತು. ತಿದ್ದಿದ ಫೈಲನ್ನು ಎಚ್‌ಆರ್‌ನ ಇಬ್ಬರಿಗೆ ತೋರಿಸಿದೆವು. ಒಬ್ಬರಿಗೆ ಕನ್ನಡಿಯವರೆಗೂ ಹೊಳೆಯಲಿಲ್ಲ. ಇನ್ನೊಬ್ಬರಿಗೆ ಮೊದಲೇ ಹೊಳೆದಿತ್ತಂತೆ, ಅದಕ್ಕೇ ಜಾಸ್ತಿ ಹೆದರಿದರಂತೆ. ಮೊಸರಿನ ಬಗ್ಗೆ ಯಾರೂ ಒಂದು ಮಾತೂ ಹೇಳಲಿಲ್ಲ.

ಈಗ ಕೆಎನ್‌ಪಿ ಶೀಟಿನಲ್ಲಿ ಆ ಸಾಲಿನ ಪಕ್ಕ ಹುಡುಗ ಒಂದು ಕಾಮೆಂಟ್ ಹಾಕಿದ್ದಾನೆ: “ಮೇಡಂ, ಇದನ್ನ ಮುಟ್ಟೋ ಮುಂಚೆ ಫೋನ್ ಮಾಡಿ, ಎಷ್ಟೊತ್ತಾದ್ರೂ ಪರವಾಗಿಲ್ಲ.” ಅಕೌಂಟ್ಸ್‌ನವರು ಮಾತ್ರ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಾರೆ, “ಏನಮ್ಮಾ, ಆ ಮಗು ಕುಡಿಯೋದು ಬಿಡ್ತಾ?”